ನಾವು ಮೆಚ್ಚಿದ ‘ಸ್ಟಾರ್ ವಾರ್ಸ್’ ಎಲ್ಲಿ ಹೋಯಿತು?

ಮರುಭೂಮಿಯ ಊರೊಂದರ ಹೆಂಡದಂಗಡಿ. ಮೂಲೆಯ ಮೇಜಿನಲ್ಲಿ ಹಾನ್ ಸೋಲೋ ಕೂತಿದ್ದಾನೆ. ಎದುರಿಗೆ ಹಸಿರು ಚರ್ಮದ ಗ್ರೀಡೋ, ಕೈಯಲ್ಲಿ ಪಿಸ್ತೂಲು. ಹಾನ್ ಜಬ್ಬಾ ಎಂಬ ದೊಡ್ಡ ಕಳ್ಳದಂಧೆಯವನ ಸಾಲ ತೀರಿಸಿಲ್ಲ. ಅದಕ್ಕೆ ಅವನ ತಲೆಗೆ ಬೆಲೆ ಕಟ್ಟಿದ್ದಾರೆ. ಆದರೂ ಹಾನ್ ಆರಾಮಾಗಿ ಮಾತಾಡುತ್ತಾನೆ. ಎಡಗೈ ಬೆರಳಿನಿಂದ ಸುಮ್ನೆ ಗೋಡೆ ಕೆರೆಯುತ್ತಾನೆ, ಗ್ರೀಡೋ ಗಮನ ಆ ಕಡೆ ಹೋಗಲಿ ಅಂತ. ಮೇಜಿನ ಕೆಳಗೆ ಅವನ ಬಲಗೈ ಮೆಲ್ಲಗೆ ಪಿಸ್ತೂಲನ್ನು ಹೊರಗೆಳೆಯುತ್ತಿದೆ. ಢಮ್. ಒಂದಿಷ್ಟು ಹೊಗೆ. ಗ್ರೀಡೋ ಮೇಜಿನ ಮೇಲೆ ಬೋರಲು ಬೀಳುತ್ತಾನೆ. ಹಾನ್ ಎದ್ದು, ಗಲೀಜು ಮಾಡಿದ್ದಕ್ಕೆ ಕ್ಷಮಿಸಿ ಅಂತ ಅಂಗಡಿಯವನ ಕಡೆ ಒಂದು ನಾಣ್ಯ ಎಸೆದು ಹೊರಟುಬಿಡುತ್ತಾನೆ.

‘ಸ್ಟಾರ್ ವಾರ್ಸ್’ ಮೊದಲ ಚಿತ್ರದ ಈ ದೃಶ್ಯವನ್ನು ನಾನು ಮೊದಲು ನೋಡಿದ್ದು ಚಿಕ್ಕಪ್ಪನ ಮನೆಯಲ್ಲಿ, ಬಣ್ಣ ಮಂಕಾದ ಒಂದು ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ. ಎಷ್ಟೋ ವರ್ಷ ಆದಮೇಲೆ ಡಿವಿಡಿ ತಂದು ಮಗಳ ಜೊತೆ ನೋಡಲು ಕೂತೆ. ಈ ದೃಶ್ಯ ಬಂದಾಗ, ‘ಈಗ ನೋಡು, ಹಾನ್ ಹೇಗೆ ಹೊಡೀತಾನೆ’ ಅಂದೆ. ಅವಳು ನೋಡಿದಳು. ‘ಅಪ್ಪಾ, ಆ ಹಸಿರಿನವನೂ ಹೊಡೆದ್ನಲ್ಲಾ?’ ಅಂದಳು. ನಾನು ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಹೌದು, ಇಬ್ಬರೂ ಹೊಡೆದಿದ್ದರು. ನನಗೆ ನೆನಪಿದ್ದ ದೃಶ್ಯ ಆ ಡಿಸ್ಕಿನಲ್ಲಿ ಇರಲೇ ಇಲ್ಲ.

ಆ ಒಂದು ಕ್ಷಣಕ್ಕೆ ಇವತ್ತಿಗೆ ಐದು ರೂಪ ಇವೆ. ಚಿತ್ರ ಮೊದಲು ತೆರೆಕಂಡ 1977ರಲ್ಲಿ ಹಾನ್ ಒಬ್ಬನೇ ಗುಂಡು ಹಾರಿಸಿದ. 1997ರ ಮರುಬಿಡುಗಡೆಯಲ್ಲಿ ಗ್ರೀಡೋ ಮೊದಲು ಹಾರಿಸಿದ. ಕೈಯಳತೆಯ ದೂರದಿಂದ ಗುರಿ ತಪ್ಪಿ, ಗುಂಡು ಹಾನ್ ತಲೆಯ ಪಕ್ಕದ ಗೋಡೆಗೆ ಬಡಿಯಿತು. 2004ರ ಡಿವಿಡಿಯಲ್ಲಿ ಹೆಚ್ಚುಕಮ್ಮಿ ಇಬ್ಬರೂ ಒಟ್ಟಿಗೇ ಹಾರಿಸಿದರು. 2011ರ ಬ್ಲೂ-ರೇಯಲ್ಲಿ ಅದನ್ನೇ ಇನ್ನಷ್ಟು ಬಿಗಿ ಮಾಡಿದರು. 2019ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಶುರುವಾದ ದಿನ ನೋಡಿದರೆ, ಗುಂಡು ಹಾರುವ ಮುಂಚೆ ಗ್ರೀಡೋ ‘ಮಕ್ಲಂಕಿ’ ಅಂತ ಒಂದು ಹೊಸ ಮಾತೂ ಆಡಿದ್ದ.

ಅರ್ಧ ಸೆಕೆಂಡಿನ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ನಿಮಗೆ ಅನ್ನಿಸಬಹುದು. ಹಾನ್ ಮೊದಲಿಗೆ ದುಡ್ಡಿಗಾಗಿ ಮಾತ್ರ ಬದುಕುವ ಮನುಷ್ಯ. ಹಾಗೆ ತಣ್ಣಗೆ ಒಬ್ಬನನ್ನು ಮುಗಿಸಿ ನಡೆದುಹೋಗುವವನು, ಕೊನೆಯ ಯುದ್ಧದ ಹೊತ್ತಿಗೆ ತನ್ನ ಪಾಲಿನ ಹಣ ತಗೊಂಡು ಹೋದವನು, ಎಲ್ಲ ಬಿಟ್ಟು ಗೆಳೆಯನಿಗಾಗಿ ವಾಪಸ್ ಬರುತ್ತಾನೆ. ಥಿಯೇಟರ್‌ನಲ್ಲಿ ಶಿಳ್ಳೆ ಬೀಳುವುದು ಅಲ್ಲಿ. ಹಾನ್ ಮೊದಲಿನಿಂದಲೂ ಒಳ್ಳೆಯವನೇ, ಪಾಪ ಜೀವ ಉಳಿಸಿಕೊಳ್ಳಲು ಹೊಡೆದ ಅಂತಾದರೆ, ಅವನು ವಾಪಸ್ ಬರುವುದರ ತೂಕ ಕಡಿಮೆಯಾಗುತ್ತದೆ. ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಈ ಬದಲಾವಣೆಗೆ ಕೊಟ್ಟ ಕಾರಣವೂ ಇದಕ್ಕೇ ಸಂಬಂಧಪಟ್ಟದ್ದು. ಹಾನ್ ಹಳೆಯ ಕೌಬಾಯ್ ಚಿತ್ರಗಳ ಜಾನ್ ವೇಯ್ನ್ ತರಹದ ನಾಯಕ ಆಗಬೇಕು, ಅಂಥವನು ಮೊದಲು ಗುಂಡು ಹಾರಿಸುವುದಿಲ್ಲ ಎಂಬುದು ಅವರ ಮಾತು. ಅಂದರೆ ಅವರಿಗೂ ಇದು ಸಣ್ಣ ವಿಷಯ ಆಗಿರಲಿಲ್ಲ.

ಸ್ಟಾರ್ ವಾರ್ಸ್ ಅಭಿಮಾನಿಗಳ ಬೇಸರ ಅಂದ ತಕ್ಷಣ ಜನಕ್ಕೆ ನೆನಪಾಗುವುದು 2015ರ ನಂತರ ಬಂದ ಹೊಸ ಚಿತ್ರಗಳ ಜಗಳ. ಅದು ಬೇರೆ. ಒಬ್ಬರಿಗೆ ಇಷ್ಟವಾದ ಕಥೆ ಇನ್ನೊಬ್ಬರಿಗೆ ಹಿಡಿಸಲಿಲ್ಲ ಅಂದರೆ ಅದು ರುಚಿಯ ಮಾತು. ಆ ಜಗಳದಲ್ಲಿ ಕೆಲವರು ನಟಿ ಕೆಲ್ಲಿ ಮೇರಿ ಟ್ರಾನ್ ಅವರ ಮೇಲೆ ಹರಿಹಾಯ್ದದ್ದು ನಾಚಿಕೆಗೇಡು, ಅದನ್ನು ಯಾವ ಪ್ರೀತಿಯ ಹೆಸರಲ್ಲೂ ಒಪ್ಪಲಾಗದು. ನಾನು ಹೇಳುತ್ತಿರುವ ಬೇಸರ ಅದಕ್ಕಿಂತ ಹಳೆಯದು, ಸದ್ದು ಕಡಿಮೆಯದು. 1977ರಲ್ಲಿ ಜಗತ್ತು ನೋಡಿದ ಚಿತ್ರವನ್ನು ಅದನ್ನು ಮಾಡಿದ ಸಂಸ್ಥೆಯೇ ಬೀಗ ಹಾಕಿ ಇಟ್ಟಿತು. ದುಡ್ಡು ಕೊಡುತ್ತೇವೆ ಅಂದರೂ ಕೊಡಲಿಲ್ಲ. ಇದು ಹೇಗಾಯಿತು, ಯಾಕಾಯಿತು ಅಂತ ಒಂದೊಂದಾಗಿ ನೋಡೋಣ.

ಚಿತ್ರ ತೆರೆಗೆ ಬಂದದ್ದು 1977ರ ಮೇ 25ಕ್ಕೆ, ಅಮೆರಿಕದ ಬರೀ 32 ಥಿಯೇಟರ್‌ಗಳಲ್ಲಿ. ಖರ್ಚು 1.1 ಕೋಟಿ ಡಾಲರ್. ಹಂಚಿದ್ದು ಟ್ವೆಂಟಿಯತ್ ಸೆಂಚುರಿ ಫಾಕ್ಸ್. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಅಂತ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಬಾಹ್ಯಾಕಾಶದ ಹಡಗುಗಳೆಲ್ಲ ಕೈಯಲ್ಲಿ ಕೂಡಿಸಿದ ಪ್ಲಾಸ್ಟಿಕ್ ಮಾದರಿಗಳು. ಎಷ್ಟೋ ಹಿನ್ನೆಲೆಗಳು ಗಾಜಿನ ಮೇಲೆ ಬಣ್ಣದಲ್ಲಿ ಬರೆದ ಚಿತ್ರಗಳು. ಮುಂದಿನ ವರ್ಷ ಅದಕ್ಕೆ ಸ್ಪರ್ಧೆಯಲ್ಲಿ 6 ಆಸ್ಕರ್ ಬಂತು. ಸಂಕಲನಕ್ಕೆ, ಕಲಾ ನಿರ್ದೇಶನಕ್ಕೆ, ವಸ್ತ್ರವಿನ್ಯಾಸಕ್ಕೆ, ಸಂಗೀತಕ್ಕೆ, ಧ್ವನಿಗೆ, ವಿಷುಯಲ್ ಎಫೆಕ್ಟ್ಸ್‌ಗೆ. ಈ ಪಟ್ಟಿ ನೆನಪಿಟ್ಟುಕೊಳ್ಳಿ. ಜಾರ್ಜ್ ಲ್ಯೂಕಾಸ್ ಅವರಿಗೆ ನಿರ್ದೇಶನದ ಆಸ್ಕರ್ ಬರಲಿಲ್ಲ. ಬಂದದ್ದೆಲ್ಲ ಅವರ ಜೊತೆ ದುಡಿದವರ ಕೈಕೆಲಸಕ್ಕೆ. ಸಂಕಲನ ಮಾಡಿದ ಮೂವರಲ್ಲಿ ಒಬ್ಬರು ಮಾರ್ಷಿಯಾ ಲ್ಯೂಕಾಸ್, ಜಾರ್ಜ್ ಅವರ ಆಗಿನ ಹೆಂಡತಿ.

1980ರಲ್ಲಿ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’, 1983ರಲ್ಲಿ ‘ರಿಟರ್ನ್ ಆಫ್ ದಿ ಜೇಡೈ’ ಬಂದವು. ಮೊದಲನೆಯದನ್ನು ಇರ್ವಿನ್ ಕರ್ಷ್ನರ್, ಎರಡನೆಯದನ್ನು ರಿಚರ್ಡ್ ಮಾರ್ಕಾಂಡ್ ನಿರ್ದೇಶಿಸಿದರು. ಆದರೆ ಹಣ ಹಾಕಿದ್ದು ಲ್ಯೂಕಾಸ್ ಅವರ ಸ್ವಂತ ಸಂಸ್ಥೆ ಲ್ಯೂಕಾಸ್‌ಫಿಲ್ಮ್. ಹಾಗಾಗಿ ಈ ಕಥೆಯಲ್ಲಿ ಸ್ಟುಡಿಯೋ ಬೇರೆ, ಕರ್ತೃ ಬೇರೆ ಅಂತ ಗೆರೆ ಎಳೆಯುವುದು ಕಷ್ಟ. ಸಾಮಾನ್ಯವಾಗಿ ದೂರು ಏನಿರುತ್ತದೆ? ದುಡ್ಡಿನ ಸ್ಟುಡಿಯೋ ಪಾಪದ ನಿರ್ದೇಶಕನ ಚಿತ್ರ ಕತ್ತರಿಸಿ ಹಾಳು ಮಾಡಿತು ಅಂತ. ಇಲ್ಲಿ ಬದಲಾಯಿಸಿದ್ದು ಸೃಷ್ಟಿಸಿದವರೇ. ಈ ವಿಷಯ ಇಷ್ಟು ವರ್ಷ ಬಗೆಹರಿಯದೆ ಉಳಿದದ್ದಕ್ಕೆ ಅದೇ ಕಾರಣ.

ಮೂಲ ಅಂದರೆ ಯಾವುದು ಎಂಬುದರಲ್ಲೇ ಸ್ವಲ್ಪ ಗೋಜಲು ಇದೆ, ಅದನ್ನೂ ಹೇಳಿಬಿಡುತ್ತೇನೆ. 1977ರಲ್ಲೇ ಮೂರು ಧ್ವನಿ ಮಿಶ್ರಣಗಳಿದ್ದವು. ದೊಡ್ಡ 70 ಎಂಎಂ ಪ್ರಿಂಟಿಗೆ ಒಂದು, 35 ಎಂಎಂ ಡಾಲ್ಬಿ ಸ್ಟೀರಿಯೋಗೆ ಒಂದು, ಮಾಮೂಲಿ ಥಿಯೇಟರ್‌ಗಳ ಮೋನೋಗೆ ಒಂದು. ಮೂರರಲ್ಲೂ ಅಲ್ಲಲ್ಲಿ ಮಾತು, ಸದ್ದು ಬೇರೆ ಬೇರೆ. ಶುರುವಿನಲ್ಲಿ ಮೇಲಕ್ಕೆ ಏರುವ ಹಳದಿ ಅಕ್ಷರಗಳಲ್ಲಿ ‘ಎಪಿಸೋಡ್ 4, ಎ ನ್ಯೂ ಹೋಪ್’ ಎಂಬ ಸಾಲು ಆಗ ಇರಲೇ ಇಲ್ಲ. ಅದನ್ನು ಸೇರಿಸಿದ್ದು 1981ರ ಮರುಬಿಡುಗಡೆಯಲ್ಲಿ. ಇದಕ್ಕೆಲ್ಲ ಯಾರೂ ದೊಡ್ಡ ತಕರಾರು ತೆಗೆಯಲಿಲ್ಲ. ಚಿತ್ರ ಚಿತ್ರವಾಗಿಯೇ ಉಳಿದಿತ್ತು.

ನಿಜವಾದ ತಿರುವು ಬಂದದ್ದು ನೆಗೆಟಿವ್‌ನಿಂದ. ಡಿಜಿಟಲ್ ಕಾಲದಲ್ಲಿ ಹುಟ್ಟಿದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಮೆರಾದೊಳಗೆ ಓಡಿದ ಫಿಲ್ಮ್ ಸುರುಳಿಯೇ ನೆಗೆಟಿವ್. ಸಂಕಲನ ಮುಗಿದಮೇಲೆ ಅದನ್ನೇ ಕತ್ತರಿಸಿ, ಅಂಟಿಸಿ ಇಡೀ ಚಿತ್ರದ ಒಂದೇ ಒಂದು ಮೂಲ ಪ್ರತಿ ಮಾಡುತ್ತಾರೆ. ಥಿಯೇಟರ್‌ಗೆ ಹೋಗುವ ಪ್ರಿಂಟುಗಳೆಲ್ಲ ಅದರ ನಕಲಿನ ನಕಲು. ಮನೆಯ ಆಸ್ತಿಪತ್ರ ಇದ್ದ ಹಾಗೆ. ಜೆರಾಕ್ಸ್ ಎಷ್ಟಾದರೂ ಇರಲಿ, ಮೂಲ ಒಂದೇ.

1990ರ ದಶಕದಲ್ಲಿ, 20ನೇ ವರ್ಷದ ಮರುಬಿಡುಗಡೆಗಾಗಿ ಆ ನೆಗೆಟಿವ್ ತೆಗೆದು ನೋಡಿದರೆ ಅದು ಕೆಟ್ಟಿತ್ತು. ಕೊಳೆ, ಗೀರು ಒಂದು ಕಡೆ. ಅದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದು. ಚಿತ್ರದಲ್ಲಿ ಬೇರೆ ಬೇರೆ ಬಗೆಯ ಫಿಲ್ಮ್ ಬಳಸಿದ್ದರು. ಹಡಗು, ನಕ್ಷತ್ರ, ಲೇಸರ್ ಇವನ್ನೆಲ್ಲ ಒಂದರ ಮೇಲೊಂದು ಬೆರೆಸಿದ ಶಾಟ್‌ಗಳಿಗೆ ಬಳಸಿದ್ದ ಒಂದು ಬಗೆಯ ಫಿಲ್ಮ್ ಇಪ್ಪತ್ತು ವರ್ಷಕ್ಕೆಲ್ಲ ಬಣ್ಣ ಬಿಟ್ಟುಕೊಂಡಿತ್ತು. ಹಾಗಾಗಿ ದೊಡ್ಡ ಜೀರ್ಣೋದ್ಧಾರ ನಡೆಯಿತು. ನೆಗೆಟಿವ್ ತೊಳೆದರು. ಹಾಳಾದ ಶಾಟ್‌ಗಳನ್ನು ಕಂಪ್ಯೂಟರ್‌ನಲ್ಲಿ ಮತ್ತೆ ಬೆರೆಸಿದರು. ಈ ಕೆಲಸ ನಿಜಕ್ಕೂ ಅಗತ್ಯವಿತ್ತು. ಅದನ್ನು ಮಾಡಿದವರಿಗೆ ಕೈಮುಗಿಯಬೇಕು.

ಆದರೆ ಅಲ್ಲಿಗೆ ನಿಲ್ಲಲಿಲ್ಲ. ಹೇಗೂ ಬಿಚ್ಚಿದ್ದೇವೆ, ಆಗ ದುಡ್ಡಿಲ್ಲದೆ, ತಂತ್ರಜ್ಞಾನ ಇಲ್ಲದೆ ಬಿಟ್ಟದ್ದನ್ನು ಈಗ ಸೇರಿಸೋಣ ಅಂತ ಲ್ಯೂಕಾಸ್ ನಿರ್ಧರಿಸಿದರು. ಹೊಸ ಕಂಪ್ಯೂಟರ್ ಶಾಟ್‌ಗಳನ್ನು ಫಿಲ್ಮಿಗೆ ಇಳಿಸಿ, ಹಳೆಯವುಗಳ ಜಾಗದಲ್ಲಿ ನೆಗೆಟಿವ್‌ಗೇ ಸೇರಿಸಿದರು. 1997ರ ಜನವರಿ 31ಕ್ಕೆ ಮೊದಲ ಚಿತ್ರದ ‘ಸ್ಪೆಷಲ್ ಎಡಿಷನ್’ ತೆರೆಗೆ ಬಂತು. ಉಳಿದೆರಡೂ ಫೆಬ್ರವರಿ, ಮಾರ್ಚ್‌ನಲ್ಲಿ ಬಂದವು. ಜನ ಮುಗಿಬಿದ್ದರು. ಮೊದಲ ಚಿತ್ರವೊಂದೇ ಅಮೆರಿಕದಲ್ಲಿ 13.8 ಕೋಟಿ ಡಾಲರ್ ಗಳಿಸಿತು. ಆ ಮೂಲ ಪ್ರತಿ ಅಂದಿನಿಂದ ಸ್ಪೆಷಲ್ ಎಡಿಷನ್‌ನ ನೆಗೆಟಿವ್ ಆಯಿತು. ಆಸ್ತಿಪತ್ರದ ಮೇಲೆಯೇ ತಿದ್ದುಪಡಿ ಬಿದ್ದಿತ್ತು.

ಏನೇನು ಬದಲಾಯಿತು? ಮರುಭೂಮಿಯ ಆ ಊರಿನ ಬೀದಿಯಲ್ಲಿ ಕಂಪ್ಯೂಟರ್ ಪ್ರಾಣಿಗಳು ಅಡ್ಡಾಡಿದವು, ಕೆಲವು ಕ್ಯಾಮೆರಾಕ್ಕೇ ಅಡ್ಡ ಬಂದವು. ಮೊದಲು ಚಿತ್ರೀಕರಿಸಿ ಕೈಬಿಟ್ಟಿದ್ದ ಜಬ್ಬಾ ದೃಶ್ಯ ವಾಪಸ್ ಬಂತು. ಆಗ ಜಬ್ಬಾ ಪಾತ್ರಕ್ಕೆ ಒಬ್ಬ ಮನುಷ್ಯನನ್ನು ನಿಲ್ಲಿಸಿ ತೆಗೆದಿದ್ದರು. ಹಾನ್ ಅವನ ಹಿಂದಿನಿಂದ ಸುತ್ತು ಹಾಕಿ ಬರುತ್ತಾನೆ. ಈಗಿನ ಜಬ್ಬಾಗೆ ದೊಡ್ಡ ಬಾಲ ಇದೆ. ಅದಕ್ಕೆ ಹಾನ್ ಆ ಬಾಲದ ಮೇಲೆ ಹತ್ತಿ ಇಳಿದ ಹಾಗೆ ಕಂಪ್ಯೂಟರ್‌ನಲ್ಲಿ ಅವನನ್ನು ಎತ್ತಿ ಇಳಿಸಿದರು. ಒಮ್ಮೆ ನೋಡಿದರೆ ಗೊತ್ತಾಗುತ್ತದೆ, ಹಾನ್ ಪಾತ್ರದ ಹ್ಯಾರಿಸನ್ ಫೋರ್ಡ್ ಕಾಲು ನೆಲದ ಮೇಲೆ ನಡೆಯುತ್ತಿದೆ, ದೇಹ ಮಾತ್ರ ಮೇಲೇರುತ್ತದೆ. ಮೂರನೇ ಚಿತ್ರದ ಕೊನೆಯಲ್ಲಿ ಈವಾಕ್‌ ಎಂಬ ಕರಡಿಮರಿಯಂಥ ಪುಟ್ಟ ಜೀವಿಗಳು ಕುಣಿಯುತ್ತಾ ಹಾಡುವ ‘ಯಬ್ ನಬ್’ ಹೋಗಿ ಜಾನ್ ವಿಲಿಯಮ್ಸ್ ಅವರದೇ ಬೇರೆ ಸಂಗೀತ ಬಂತು. ಕೆಲವು ಬದಲಾವಣೆ ಚೆನ್ನಾಗಿಯೂ ಇದ್ದವು. ಎರಡನೇ ಚಿತ್ರದ ಮೋಡಗಳ ನಗರಕ್ಕೆ ಕಿಟಕಿ ಕೊರೆದು ಹೊರಗಿನ ಬೆಳಕು ತಂದದ್ದು ನನಗೆ ಇಷ್ಟ.

2004ರ ಡಿವಿಡಿ ಹೊತ್ತಿಗೆ ಕೈ ಇನ್ನೂ ಮುಂದೆ ಹೋಯಿತು. ಈ ಸಲ ಮನುಷ್ಯರೇ ಬದಲಾದರು. 1980ರಲ್ಲಿ ಚಕ್ರವರ್ತಿಗೆ ದನಿ ಕೊಟ್ಟಿದ್ದ ಕ್ಲೈವ್ ರೆವಿಲ್ ಅವರನ್ನು ತೆಗೆದು ಇಯಾನ್ ಮೆಕ್‌ಡರ್ಮಿಡ್ ಅವರನ್ನು ಹಾಕಿದರು. ತಲೆಬೇಟೆಗಾರ ಬೋಬಾ ಫೆಟ್‌ಗೆ ಜೇಸನ್ ವಿಂಗ್ರೀನ್ ಕೊಟ್ಟಿದ್ದ ದನಿ ಅಳಿಸಿ ತೆಮುವೆರಾ ಮಾರಿಸನ್ ದನಿ ಕೂಡಿಸಿದರು. ಎಲ್ಲಕ್ಕಿಂತ ನೋವು ಕೊಟ್ಟದ್ದು ಮೂರನೇ ಚಿತ್ರದ ಕೊನೆ. ಸತ್ತ ತಂದೆ ಡಾರ್ತ್ ವೇಡರ್‌ನ ಆತ್ಮ ಮಗನನ್ನು ನೋಡಿ ಮುಗುಳ್ನಗುವ ಜಾಗದಲ್ಲಿ ನಿಂತಿದ್ದವರು ಸೆಬಾಸ್ಟಿಯನ್ ಶಾ ಎಂಬ ಹಿರಿಯ ಇಂಗ್ಲಿಷ್ ನಟ. ಅವರ ಬದಲು, ಆಮೇಲೆ ಬಂದ ಹಿಂದಿನ ಕಥೆಯ ಚಿತ್ರಗಳಲ್ಲಿ ಆ ತಂದೆಯ ಯೌವನದ ಪಾತ್ರ ಮಾಡಿದ ಹೇಡನ್ ಕ್ರಿಸ್ಟೆನ್ಸನ್ ಬಂದು ನಿಂತರು. ಶಾ ತೀರಿಕೊಂಡದ್ದು 1994ರಲ್ಲಿ. ಆ ಚಿತ್ರದ ನಿರ್ದೇಶಕ ಮಾರ್ಕಾಂಡ್ ತೀರಿಕೊಂಡದ್ದು ಅದಕ್ಕೂ ಮುಂಚೆ, 1987ರಲ್ಲಿ. ಇಬ್ಬರನ್ನೂ ಯಾರೂ ಕೇಳುವ ಹಾಗಿರಲಿಲ್ಲ.

ಹಳೆಯದನ್ನೂ ಒಂದು ಡಿಸ್ಕಿನಲ್ಲಿ ಕೊಡಬಹುದಿತ್ತಲ್ವಾ? ಎಲ್ಲರೂ ಕೇಳಿದ್ದು ಅದನ್ನೇ. ಲ್ಯೂಕಾಸ್ ಆಗ ಕೊಟ್ಟ ಉತ್ತರ ನೇರವಾಗಿತ್ತು. ನಾನು ಮಾಡಬೇಕು ಅಂದುಕೊಂಡದ್ದು ಈ ಚಿತ್ರವನ್ನೇ, ನೀವು ಅರ್ಧ ಮುಗಿದ ಚಿತ್ರ ನೋಡಿ ಅದನ್ನೇ ಪ್ರೀತಿಸಿಬಿಟ್ಟಿರಿ, ಅದಕ್ಕೆ ಕ್ಷಮಿಸಿ ಎಂಬ ಅರ್ಥದ ಮಾತು. ಅದನ್ನು ಓದಿದಾಗ ನನಗೆ ಕೋಪಕ್ಕಿಂತ ಜಾಸ್ತಿ ದುಃಖವಾಯಿತು.

ದುಃಖಕ್ಕೆ ಇನ್ನೊಂದು ಕಾರಣ ಇದೆ. 1988ರಲ್ಲಿ, ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಟಿವಿ ಕಂಪನಿಗಳು ಬಣ್ಣ ಬಳಿಯುತ್ತಿದ್ದ ಕಾಲದಲ್ಲಿ, ಇದೇ ಲ್ಯೂಕಾಸ್ ಅಮೆರಿಕದ ಸಂಸತ್ತಿನ ಮುಂದೆ ಹೋಗಿ ಅದರ ವಿರುದ್ಧ ಮಾತಾಡಿದ್ದರು. ಲಾಭಕ್ಕಾಗಿಯೋ ಅಧಿಕಾರ ತೋರಿಸಲೋ ಕಲಾಕೃತಿಗಳನ್ನು ತಿರುಚುವವರು, ನಾಶ ಮಾಡುವವರು ಅನಾಗರಿಕರು ಅಂದಿದ್ದರು. ಮುಂದೆ ಹಳೆಯ ನೆಗೆಟಿವ್‌ಗಳು ಕಳೆದುಹೋಗಿ, ಅವುಗಳ ಜಾಗಕ್ಕೆ ತಿದ್ದಿದ ಹೊಸ ನೆಗೆಟಿವ್‌ಗಳು ಬಂದು ಕೂರುವುದು ಸುಲಭವಾಗುತ್ತದೆ ಎಂದೂ ಎಚ್ಚರಿಸಿದ್ದರು. ಆ ಹೋರಾಟಗಳ ಹಿನ್ನೆಲೆಯಲ್ಲೇ ಅಮೆರಿಕದಲ್ಲಿ ರಾಷ್ಟ್ರೀಯ ಚಿತ್ರ ನೋಂದಣಿ ಶುರುವಾಯಿತು. 1989ರಲ್ಲಿ ಅದಕ್ಕೆ ಆರಿಸಿದ ಮೊದಲ 25 ಚಿತ್ರಗಳಲ್ಲಿ ‘ಸ್ಟಾರ್ ವಾರ್ಸ್’ ಒಂದು. ದೇಶ ಕಾಪಾಡಬೇಕು ಅಂತ ಗುರುತಿಸಿದ ಆ ಚಿತ್ರ ಎಂಟು ವರ್ಷಕ್ಕೆ ಅಂಗಡಿಗಳಿಂದ ಮಾಯವಾಗತೊಡಗಿತು.

ಲ್ಯೂಕಾಸ್ ಪರವಾಗಿ ಹೇಳಬೇಕಾದ ಮಾತೂ ಇದೆ. ಆ ಸಾಕ್ಷ್ಯದಲ್ಲಿ ಅವರು ಕಾಪಾಡಲು ಹೊರಟದ್ದು ಕಲಾವಿದರ ಹಕ್ಕನ್ನು. ಬೇರೆಯವರು ಬಂದು ತಿದ್ದುವುದು ಒಂದು, ಮಾಡಿದವನೇ ತಿದ್ದುವುದು ಇನ್ನೊಂದು. ಕವಿ ತನ್ನ ಕವನವನ್ನು ಎರಡನೇ ಮುದ್ರಣದಲ್ಲಿ ತಿದ್ದುವುದಿಲ್ಲವೇ? ಖಂಡಿತ ತಿದ್ದಬಹುದು. ಆದರೆ ಮೊದಲ ಮುದ್ರಣ ಲೈಬ್ರರಿಯಲ್ಲಿ ಹಾಗೇ ಇರುತ್ತದೆ. ನಮ್ಮ ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದವರು ಒಂದು ಪಾಠವನ್ನು ಆರಿಸಿಕೊಂಡರೂ, ಬೇರೆ ಓಲೆಪ್ರತಿಗಳಲ್ಲಿ ಸಿಕ್ಕ ಪಾಠಾಂತರಗಳನ್ನು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಕೊಟ್ಟರು. ಓದುವವನು ತಾನೇ ನೋಡಿಕೊಳ್ಳಲಿ ಅಂತ. ಸಿನಿಮಾದ ಉದಾಹರಣೆಯೂ ನಮ್ಮಲ್ಲೇ ಇದೆ. 1971ರ ‘ಕಸ್ತೂರಿ ನಿವಾಸ’ವನ್ನು 2014ರಲ್ಲಿ ಬಣ್ಣದಲ್ಲಿ ಬಿಡುಗಡೆ ಮಾಡಿದರು. ಬಣ್ಣದ್ದು ನೋಡಿ ಖುಷಿಪಟ್ಟವರಿದ್ದಾರೆ, ಕಪ್ಪು-ಬಿಳುಪೇ ಚೆಂದ ಅನ್ನುವವರಿದ್ದಾರೆ. ಎರಡೂ ಇವೆ, ಹಾಗಾಗಿ ಜಗಳ ಇಲ್ಲ.

ಹಾಲಿವುಡ್‌ನಲ್ಲೂ ಇದಕ್ಕೆ ದಾರಿ ಕಂಡುಕೊಂಡವರಿದ್ದಾರೆ. ಲ್ಯೂಕಾಸ್ ಗೆಳೆಯ ಸ್ಟೀವನ್ ಸ್ಪೀಲ್‌ಬರ್ಗ್ 2002ರಲ್ಲಿ ‘ಇ.ಟಿ.’ ಚಿತ್ರವನ್ನು ತಿದ್ದಿದರು. ಮಕ್ಕಳನ್ನು ಅಟ್ಟಿಸಿಕೊಂಡು ಬರುವ ಅಧಿಕಾರಿಗಳ ಕೈಯ ಬಂದೂಕು ಅಳಿಸಿ ವಾಕಿಟಾಕಿ ಇಟ್ಟರು. ಆಗಲೂ ಡಿವಿಡಿಯಲ್ಲಿ ಹಳೆಯದನ್ನು ಜೊತೆಗೇ ಕೊಟ್ಟರು. ಆಮೇಲೆ ಆ ತಿದ್ದುಪಡಿಯೇ ತಪ್ಪಾಯಿತು ಅಂತ ಬಾಯಿಬಿಟ್ಟು ಒಪ್ಪಿಕೊಂಡು, 2012ರ ಬ್ಲೂ-ರೇಯಲ್ಲಿ ಮೂಲ ಚಿತ್ರವನ್ನೇ ಬಿಡುಗಡೆ ಮಾಡಿದರು. ರಿಡ್ಲೀ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ 2007ರಲ್ಲಿ ಐದು ಆವೃತ್ತಿಗಳ ಒಂದೇ ಪೆಟ್ಟಿಗೆಯಾಗಿ ಬಂತು. ಅಭಿಮಾನಿಗಳು ಕೇಳಿದ್ದು ಇಷ್ಟನ್ನೇ. ನಿಮ್ಮದು ಇರಲಿ, ನಮ್ಮದನ್ನೂ ಪಕ್ಕದಲ್ಲಿ ಇಡಿ.

2006ರ ಸೆಪ್ಟೆಂಬರ್‌ನಲ್ಲಿ ಒಮ್ಮೆ ಇಟ್ಟರು. ಮೂಲ ಚಿತ್ರಗಳು ಡಿವಿಡಿಯಲ್ಲಿ ಬರುತ್ತಿವೆ ಎಂಬ ಸುದ್ದಿ ಬಂದಾಗ ಆದ ಸಂಭ್ರಮ ನನಗಿನ್ನೂ ನೆನಪಿದೆ. ಡಿಸ್ಕ್ ಹಾಕಿದಾಗ ಸಂಭ್ರಮ ಇಳಿಯಿತು. ಅದು ಬೋನಸ್ ಡಿಸ್ಕ್. ಅದಕ್ಕೆ ಹೊಸದಾಗಿ ಫಿಲ್ಮ್ ಸ್ಕ್ಯಾನ್ ಮಾಡಿರಲಿಲ್ಲ. 1993ರಲ್ಲಿ ಡಿವಿಡಿಗೂ ಹಿಂದಿನ ಲೇಸರ್‌ಡಿಸ್ಕ್‌ಗಾಗಿ ಮಾಡಿದ್ದ ಟೇಪನ್ನೇ ತಂದು ಹಾಕಿದ್ದರು. ಲೆಕ್ಕ ಹೀಗಿದೆ. ಅಮೆರಿಕದ ಡಿವಿಡಿಯ ಚೌಕಟ್ಟಿನಲ್ಲಿ ಮೇಲಿಂದ ಕೆಳಗೆ 480 ಗೆರೆ. ಅಗಲದ ಪರದೆಗೆ ಸರಿಯಾಗಿ ಮಾಡಿದ ಡಿಸ್ಕಿನಲ್ಲಿ ಚಿತ್ರಕ್ಕೆ ಆದಷ್ಟೂ ಹೆಚ್ಚು ಗೆರೆ ಸಿಗುವ ಹಾಗೆ ಅದನ್ನು ಹಿಂಡಿ ಇಟ್ಟು, ನೋಡುವಾಗ ಹಿಗ್ಗಿಸುತ್ತಾರೆ. ಇಲ್ಲಿ ಹಾಗೆ ಮಾಡದೆ ಹಳೆಯ ಚೌಕ ಟಿವಿಯ ಲೆಕ್ಕದಲ್ಲೇ ಬಿಟ್ಟಿದ್ದರು. ಮೇಲೆ ಕೆಳಗೆ ಕಪ್ಪು ಪಟ್ಟಿಗೆ ಗೆರೆಗಳು ಹೋಗಿ, ಚಿತ್ರಕ್ಕೆ ಉಳಿದದ್ದು ಸುಮಾರು 270. ಹೊಸ ಅಗಲದ ಟಿವಿಯಲ್ಲಿ ಹಾಕಿದರೆ ನಾಲ್ಕೂ ಕಡೆ ಕಪ್ಪು, ನಡುವೆ ಒಂದು ಸಣ್ಣ ಕಿಟಕಿಯಲ್ಲಿ ಸ್ಟಾರ್ ವಾರ್ಸ್. ಇವತ್ತಿಗೂ ಮೂಲ ಚಿತ್ರಗಳ ಕೊನೆಯ ಅಧಿಕೃತ ಡಿಸ್ಕ್ ಅಂದರೆ ಅದೇ.

2011ರ ಬ್ಲೂ-ರೇ ಬಂತು. ಮತ್ತೆ ಸ್ಪೆಷಲ್ ಎಡಿಷನ್, ಮತ್ತೆ ಹೊಸ ತಿದ್ದುಪಡಿ. ಮೂರನೇ ಚಿತ್ರದಲ್ಲಿ ಡಾರ್ತ್ ವೇಡರ್ ಮಗನ ಪ್ರಾಣ ಉಳಿಸಲು ಚಕ್ರವರ್ತಿಯನ್ನು ಎತ್ತಿ ಎಸೆಯುತ್ತಾನಲ್ಲ, ಆ ಗಳಿಗೆ. ಮೂಲದಲ್ಲಿ ಅವನು ಒಂದು ಮಾತೂ ಆಡುವುದಿಲ್ಲ. ಕಪ್ಪು ಮುಖವಾಡ ಒಮ್ಮೆ ಮಗನ ಕಡೆ, ಒಮ್ಮೆ ಒಡೆಯನ ಕಡೆ ತಿರುಗುತ್ತದೆ, ಅಷ್ಟೇ. ಮುಖ ಕಾಣದ ಒಬ್ಬ ಮನುಷ್ಯನ ಒಳಗೆ ಏನಾಗುತ್ತಿದೆ ಅಂತ ನೋಡುವವರೇ ತುಂಬಿಕೊಳ್ಳುತ್ತಾರೆ. ಹೊಸದರಲ್ಲಿ ಅವನು ‘ನೋ...’ ಅಂತ ಕೂಗುತ್ತಾನೆ. ನನ್ನ ಮಟ್ಟಿಗೆ ಎಲ್ಲ ಬದಲಾವಣೆಗಳಲ್ಲಿ ದೊಡ್ಡ ತಪ್ಪು ಇದು. ಗ್ರೀಡೋ ವಿಷಯಕ್ಕಿಂತ ದೊಡ್ಡದು.

2012ರ ಅಕ್ಟೋಬರ್ 30ರಂದು ಡಿಸ್ನಿ 405 ಕೋಟಿ ಡಾಲರ್‌ಗೆ ಲ್ಯೂಕಾಸ್‌ಫಿಲ್ಮ್ ಕೊಳ್ಳುವುದಾಗಿ ಘೋಷಿಸಿತು. ಇನ್ನು ಹಟ ಹಿಡಿಯುವವರಿಲ್ಲ, ಮೂಲ ಚಿತ್ರ ಬಂದೇ ಬರುತ್ತದೆ ಅಂತ ಬಹಳ ಜನ ನಂಬಿದರು. ಆಗ ಇನ್ನೊಂದು ಗಂಟು ಎದುರಾಯಿತು. ಮೊದಲ ಚಿತ್ರದ ಹಂಚಿಕೆಯ ಹಕ್ಕು ಶಾಶ್ವತವಾಗಿ ಫಾಕ್ಸ್ ಕೈಯಲ್ಲಿತ್ತು. ಉಳಿದ ಐದು ಚಿತ್ರಗಳದ್ದು, ಅಂದರೆ ಹಳೆಯ ಇನ್ನೆರಡು ಮತ್ತು 1999ರಿಂದ 2005ರ ನಡುವೆ ಬಂದ ಮೂರರದ್ದು, 2020ರ ಮೇವರೆಗೆ. ಕಥೆ, ಪಾತ್ರ, ಗೊಂಬೆ ಎಲ್ಲ ಡಿಸ್ನಿಯದು, ಡಿಸ್ಕ್ ಮಾರುವ ಹಕ್ಕು ಫಾಕ್ಸ್‌ನದು. ಸರಿ, ಹಕ್ಕಿನ ತೊಡಕು ಅಂತ ಅಭಿಮಾನಿಗಳು ಸಮಾಧಾನ ಮಾಡಿಕೊಂಡರು. 2019ರ ಮಾರ್ಚ್‌ನಲ್ಲಿ ಡಿಸ್ನಿ ಫಾಕ್ಸ್ ಸಿನಿಮಾ ಸಂಸ್ಥೆಯನ್ನೇ ಕೊಂಡಿತು. ಆ ಗಂಟೂ ಬಿಚ್ಚಿತು. ಎಂಟು ತಿಂಗಳಿಗೆ ಬಂದದ್ದು ‘ಮಕ್ಲಂಕಿ’.

ಜನರ ತಾಳ್ಮೆ ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಚೆಕ್ ದೇಶದ ಒಬ್ಬ ಅಭಿಮಾನಿ ಬ್ಲೂ-ರೇಯನ್ನೇ ಆಧಾರ ಮಾಡಿಕೊಂಡು, ಹಳೆಯ ಡಿವಿಡಿ, ಫಿಲ್ಮ್ ತುಣುಕು ಹೀಗೆ ಸಿಕ್ಕಲ್ಲಿಂದ ಮೂಲದ ಶಾಟ್‌ಗಳನ್ನು ತಂದು ಹೊಲಿದು ‘ಡಿಸ್ಪೆಷಲೈಸ್ಡ್ ಎಡಿಷನ್’ ಮಾಡಿದರು. ಆಮೇಲೆ ಬಂದವರು ಇನ್ನೂ ಬುಡಕ್ಕೇ ಹೋದರು. 1977ರಲ್ಲಿ ಥಿಯೇಟರ್‌ನಲ್ಲಿ ಓಡಿದ 35 ಎಂಎಂ ಪ್ರಿಂಟನ್ನೇ ಹುಡುಕಿ 4ಕೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿದರು. ಅದಕ್ಕೆ ‘4ಕೆ77’ ಅಂತ ಹೆಸರು, 2018ರಲ್ಲಿ ಮುಗಿಯಿತು. ಸೆಕೆಂಡಿಗೆ 24 ಫ್ರೇಮ್, 121 ನಿಮಿಷದ ಚಿತ್ರ. ಅಂದರೆ ಸುಮಾರು 1,74,000 ಫ್ರೇಮ್. ಪ್ರತಿಯೊಂದರಲ್ಲೂ ಧೂಳು, ಗೀರು, ರೀಲು ಬದಲಾಯಿಸುವ ಗುರುತು. ಅದನ್ನೆಲ್ಲ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಒರೆಸಿದರು.

ಅಷ್ಟು ಹಳೆಯ ಪ್ರಿಂಟಿನಲ್ಲಿ ಬಣ್ಣ ಹೇಗೆ ಉಳಿದಿತ್ತು? ಆ ಕಾಲದ ಮಾಮೂಲಿ ಪ್ರಿಂಟುಗಳಲ್ಲಿ ಬಣ್ಣ ಫಿಲ್ಮಿನ ಒಳಗೇ ರಾಸಾಯನಿಕವಾಗಿ ಹುಟ್ಟುತ್ತಿತ್ತು. ಅದರಲ್ಲಿ ಮೊದಲು ನೀಲಿ, ಹಳದಿ ಸಾಯುತ್ತವೆ. ಕೊನೆಗೆ ಇಡೀ ಚಿತ್ರ ಬೀಟ್‌ರೂಟ್ ರಸದಲ್ಲಿ ಅದ್ದಿದ ಹಾಗೆ ಕೆಂಪಗಾಗುತ್ತದೆ. ಟೆಕ್ನಿಕಲರ್ ಪ್ರಿಂಟ್ ಬೇರೆ ಬಗೆಯದು. ಅಲ್ಲಿ ಮೂರು ಬಣ್ಣಗಳನ್ನು ಒಂದಾದ ಮೇಲೊಂದು ಅಚ್ಚೊತ್ತುತ್ತಾರೆ, ಸೀರೆಗೆ ಬ್ಲಾಕ್ ಪ್ರಿಂಟ್ ಮಾಡುವ ಹಾಗೆ. ಆ ಬಣ್ಣ ಸುಲಭಕ್ಕೆ ಹೋಗುವುದಿಲ್ಲ. ಅಮೆರಿಕದ ಕಾರ್ಖಾನೆ 1977ಕ್ಕೆ ಮುಂಚೆಯೇ ಆ ವಿಧಾನ ನಿಲ್ಲಿಸಿತ್ತು. ಲಂಡನ್‌ನಲ್ಲಿ ಇನ್ನೂ ನಡೆಯುತ್ತಿದ್ದುದರಿಂದ ಸ್ಟಾರ್ ವಾರ್ಸ್‌ನ ಕೆಲವು ಪ್ರಿಂಟುಗಳು ಹಾಗೆ ಬಂದವು. ನಿಜವಾದ ಬಣ್ಣ ಹೇಗಿತ್ತು ಅನ್ನುವುದಕ್ಕೆ ಇವತ್ತು ಅವೇ ಸಾಕ್ಷಿ.

ಕಾನೂನಿನ ದೃಷ್ಟಿಯಲ್ಲಿ ಅಭಿಮಾನಿಗಳ ಈ ಕೆಲಸಕ್ಕೆ ಅನುಮತಿ ಇಲ್ಲ. ಮಾಡಿದವರಿಗೂ ಅದು ಗೊತ್ತು. ಅದಕ್ಕೇ ಮಾರುವುದಿಲ್ಲ, ಅಧಿಕೃತ ಡಿಸ್ಕ್ ಕೊಂಡವರೇ ನೋಡಿ ಅನ್ನುತ್ತಾರೆ. ಅಮೆರಿಕದ ಕಾನೂನಿನಲ್ಲಿ 1977ರ ಇಂಥ ಚಿತ್ರಕ್ಕೆ 95 ವರ್ಷದ ಹಕ್ಕುಸ್ವಾಮ್ಯ ಇದೆ, ಅಂದರೆ 2072ರ ಕೊನೆಯವರೆಗೆ. ಅಲ್ಲಿಯತನಕ ಸ್ಟುಡಿಯೋ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊದಲ ದಿನ ಥಿಯೇಟರ್‌ನಲ್ಲಿ ಕೂತು ನೋಡಿದ ಹತ್ತು ವರ್ಷದ ಹುಡುಗನಿಗೆ ಆಗ 105 ವರ್ಷ ಆಗಿರುತ್ತದೆ. ನಾನು ಕಳ್ಳ ಪ್ರತಿಗಳ ಪರ ಅಲ್ಲ. ಆದರೆ ಆ ಫ್ರೇಮುಗಳನ್ನು ಒರೆಸುತ್ತಾ ಕೂತವರ ಮೇಲೆ ನನಗೆ ಗೌರವ ಇದೆ. 6 ಆಸ್ಕರ್ ಬಂದ ಕೈಕೆಲಸದ ಪಟ್ಟಿ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಬಹುಮಾನ ಪಡೆದ ವಿಷುಯಲ್ ಎಫೆಕ್ಟ್ಸ್, ಬಹುಮಾನ ಪಡೆದ ಸಂಕಲನ, ಬಹುಮಾನ ಪಡೆದ ಧ್ವನಿ ಯಾವುದು ಅಂತ ಇವತ್ತಿನ ಸಿನಿಮಾ ವಿದ್ಯಾರ್ಥಿ ಸರಿಯಾಗಿ ನೋಡಬೇಕು ಅಂದರೆ ಇವರ ಹತ್ತಿರವೇ ಹೋಗಬೇಕಾಗಿತ್ತು.

ಈಚೆಗೆ ಗಾಳಿ ಬದಲಾಗಿದೆ. 2025ರ ಜೂನ್ 12ರಂದು ಲಂಡನ್‌ನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಉತ್ಸವದ ಮೊದಲ ದಿನ 1977ರ ಒಂದು ಟೆಕ್ನಿಕಲರ್ ಪ್ರಿಂಟನ್ನು ತೆರೆಯ ಮೇಲೆ ಓಡಿಸಿತು. ನಲವತ್ತು ವರ್ಷ ಮೈನಸ್ 5 ಡಿಗ್ರಿ ತಂಪಿನಲ್ಲಿ ಇಟ್ಟಿದ್ದ ಪ್ರಿಂಟು. ಆಗ ಲ್ಯೂಕಾಸ್‌ಫಿಲ್ಮ್ ಮುಖ್ಯಸ್ಥೆಯಾಗಿದ್ದ ಕ್ಯಾಥ್ಲೀನ್ ಕೆನಡಿ ತಾವೇ ವೇದಿಕೆಗೆ ಬಂದು ಅದನ್ನು ಪರಿಚಯಿಸಿದರು. ಅಂಥ ಪ್ರದರ್ಶನಕ್ಕೆ ಸಂಸ್ಥೆಯವರೇ ಬಂದು ನಿಂತದ್ದು ಸಣ್ಣ ಸುದ್ದಿ ಆಗಿರಲಿಲ್ಲ. ಆಮೇಲೆ ಬಂತು ದೊಡ್ಡ ಘೋಷಣೆ. ಚಿತ್ರಕ್ಕೆ 50 ವರ್ಷ ತುಂಬುವ 2027ರಲ್ಲಿ, ಫೆಬ್ರವರಿ 19ರಂದು, 1977ರಲ್ಲಿ ತೆರೆಕಂಡ ಆವೃತ್ತಿಯನ್ನೇ ಹೊಸದಾಗಿ ಜೀರ್ಣೋದ್ಧಾರ ಮಾಡಿ ಥಿಯೇಟರ್‌ಗೆ ತರುತ್ತೇವೆ ಅಂತ.

ಘೋಷಣೆ ಇರುವುದು ಮೊದಲ ಚಿತ್ರದ ಬಗ್ಗೆ. ಸೆಬಾಸ್ಟಿಯನ್ ಶಾ ಮುಗುಳ್ನಗುವ ಮೂರನೆಯದರ ಮಾತು ಅದರಲ್ಲಿ ಇಲ್ಲ, ಕ್ಲೈವ್ ರೆವಿಲ್ ದನಿಯ ಎರಡನೆಯದರ ಮಾತೂ ಇಲ್ಲ. ಇಷ್ಟು ಸಲ ಕೈಸುಟ್ಟುಕೊಂಡ ಅಭಿಮಾನಿಗಳು ಹಾಗಾಗಿ ಪೂರ್ತಿ ಕುಣಿದಾಡುತ್ತಿಲ್ಲ.

ನಾನಂತೂ ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ. ನಮ್ಮೂರಿಗೆ ಬಂದರೆ ಮೊದಲ ದಿನವೇ ಹೋಗೋಣ. ಗ್ರೀಡೋ ಬರುವತನಕ ಕಾಯಬೇಕಾಗಿಯೂ ಇಲ್ಲ. ಕತ್ತಲಾಗಿ, ಸಂಗೀತ ಶುರುವಾಗಿ, ಹಳದಿ ಅಕ್ಷರಗಳು ಮೇಲಕ್ಕೆ ಹೊರಟ ಕೂಡಲೇ ಗೊತ್ತಾಗಿಬಿಡುತ್ತದೆ. ಮೊದಲ ಸಾಲಿನಲ್ಲಿ ‘ಎಪಿಸೋಡ್ 4’ ಅಂತ ಇರಬಾರದು. ಅದೊಂದು ಅಂತರ್ಯುದ್ಧದ ಕಾಲ ಅಂತ ಕಥೆ ನೇರವಾಗಿ ಶುರುವಾಗಬೇಕು.